ಅಂಟಿಕೊಂಡ ಹಾಳೆಯನ್ನೂ ಓದಿದ ಹುಡುಗನ ಬಗ್ಗೆ ಶಿಕ್ಷಣಾಧಿಕಾರಿಗಳಿಗೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಬರುವ ಸೋಮವಾರದಿಂದ ನಮ್ಮ ಶಾಲೆಯ ಎರಡನೇ ತರಗತಿಯ ಟೀಚರು ಮಕ್ಕಳಿಗೆ ಓದು ಕಲಿಸುವಂತಿಲ್ಲ, ನಿಮ್ಮ ಇಲಾಖೆಯ ಪಠ್ಯಪುಸ್ತಕ ಉಗ್ರಾಣದಲ್ಲಿ ಕುಳಿತು ಕಟ್ಟು ಎಣಿಸಬೇಕು ಎಂದು ತಾವು ಆದೇಶ ಹೊರಡಿಸಿದ್ದೀರಿ. ಆದೇಶದಲ್ಲಿ ಮೂರು ಕಾರಣಗಳಿವೆ. ಅವರ ಮಕ್ಕಳ ಓದಿನ ವೇಗ ಅತೃಪ್ತಿಕರ. ಇಲಾಖೆ ಕೈಬಿಟ್ಟಿರುವ ಯಾಂತ್ರಿಕ ಅಕ್ಷರಪಾಠವನ್ನು ಅವರು ಬಿಟ್ಟಿಲ್ಲ. ಪೋಷಕರಿಂದ ದೂರು ಬಂದಿದೆ. ಈ ಮೂರರಲ್ಲಿ ಎರಡು ತಪ್ಪು ಕಾರಣಗಳು. ಮೂರನೆಯದು ನಿಜ, ಅದು ಹೊರಟಿದ್ದು ನಮ್ಮ ಮನೆಯಿಂದಲೇ. ಅದಕ್ಕೂ ಬರುತ್ತೇನೆ, ಸ್ವಲ್ಪ ತಾಳಿ.

ಇದನ್ನೆಲ್ಲ ಕೇಳಲು ನೀನು ಯಾರಮ್ಮಾ ಎಂದು ತಾವು ಕೇಳಬಹುದು. ಶಾಲೆಯ ರಸ್ತೆಯ ತಿರುವಿನಲ್ಲಿ ಕನ್ನಡಕದ ಅಂಗಡಿ ಇಟ್ಟವಳು. ಬೇರೆಯವರ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವುದರಿಂದ ಶುರು ಮಾಡಿ, ಸಂಜೆ ತರಗತಿಗೆ ಹೋಗಿ ಕಣ್ಣು ಪರೀಕ್ಷಿಸುವ ಸರ್ಟಿಫಿಕೇಟು ಸಂಪಾದಿಸಿ, ಈಗ ಸ್ವಂತ ಬೋರ್ಡು ಹಾಕಿಕೊಂಡಿದ್ದೇನೆ. ರಸ್ತೆಯ ಮಕ್ಕಳಿಗೆಲ್ಲ ನಾನು ಕನ್ನಡಕದಜ್ಜಿ. ಮನೆಯಲ್ಲಿ ನಾವು ಗುಬ್ಬಿ ಎಂದು ಕರೆಯುವ ನನ್ನ ಮೊಮ್ಮಗಳು ಆ ಟೀಚರ ತರಗತಿಯಲ್ಲಿದ್ದಾಳೆ. ನಾನು ಪೋಷಕರ ಸಮಿತಿಯಲ್ಲೂ ಇದ್ದೇನೆ. ಈ ಹೆಂಗಸನ್ನು ಹೊರಗೆ ನಿಲ್ಲಿಸಿ ಕಿರುಚಿಸುವುದಕ್ಕಿಂತ ಒಳಗೆ ಕೂರಿಸಿ ಟೀ ಕೊಡುವುದು ಅಗ್ಗ ಎಂದು ಹೆಡ್‌ಮೇಡಂ ಲೆಕ್ಕ ಹಾಕಿರಬೇಕು. ವ್ಯಾಪಾರಸ್ಥೆಯಾದ್ದರಿಂದ ಮೊದಲೇ ಒಂದು ವಿಷಯ ಹೇಳಿಬಿಡುವುದು ಒಳ್ಳೆಯದು. ನಿಮ್ಮ ‘ಸಹಜ ಓದು’ ಯೋಜನೆಯಿಂದ ನನಗೆ ನಷ್ಟವೇನೂ ಇಲ್ಲ, ಲಾಭವೇ. ಅದು ಜಾರಿಗೆ ಬಂದ ಮೇಲೆ ನನ್ನ ಅಂಗಡಿಯ ಬೆಂಚು ಖಾಲಿ ಬಿದ್ದದ್ದೇ ಇಲ್ಲ.

ಹೇಗೆ ಎನ್ನುತ್ತೀರಾ? ಶಾಲೆಯಲ್ಲಿ ಎರಡನೇ ತರಗತಿಗೆ ಎರಡು ಕೋಣೆಗಳಿವೆ. ಒಂದು ಈ ಟೀಚರದು. ಪಕ್ಕದ್ದು ಒಬ್ಬ ಮೇಷ್ಟ್ರದು, ನಿಮ್ಮ ಸುತ್ತೋಲೆಯನ್ನು ಅಕ್ಷರಶಃ ಪಾಲಿಸುವವರು, ಅಂದರೆ ಅಕ್ಷರವನ್ನೇ ಬಿಟ್ಟು ಪಾಲಿಸುವವರು. ಅವರ ಮಕ್ಕಳಲ್ಲಿ ಯಾರಿಗಾದರೂ ಬೋರ್ಡಿನ ಮೇಲಿನ ಹೊಸ ಪದ ಓದಲು ಬರದಿದ್ದರೆ, ಕಲಿಸಲು ಅನುಮತಿ ಇಲ್ಲವಲ್ಲ, ಆದ್ದರಿಂದ ಕಣ್ಣಿನ ದೋಷ ಇರಬೇಕೆಂದು ಚೀಟಿ ಬರೆದು ನನ್ನ ಬಳಿ ಕಳಿಸುತ್ತಾರೆ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರಲ್ಲ, ಹಾಗೆ ಇಲ್ಲಿ ಕಣ್ಣು ಡೊಂಕು.

ಒಂದು ಮಧ್ಯಾಹ್ನ ಹೀಗೇ ನಾಲ್ಕೈದು ಮಕ್ಕಳು ತಂತಮ್ಮ ತಾಯಂದಿರ ಜೊತೆ ಬಂದು ಬೆಂಚಿನ ಮೇಲೆ ಕುಳಿತರು. ಮೊದಲಿನ ಹುಡುಗಿ ಗೋಡೆಯ ಮೇಲಿನ ಅಕ್ಷರಗಳ ಪಟ್ಟಿಯನ್ನು ನನ್ನ ಸಹಾಯದಿಂದ ತಡವರಿಸುತ್ತ ಓದಿದಳು. ಮುಂದೆ ಬಂದ ಹುಡುಗ ಒಂದೇ ಉಸಿರಿಗೆ, ರಾಗವಾಗಿ, ಕೆಳಗಿನ ಸಣ್ಣ ಸಾಲಿನ ತನಕ ಓದಿಬಿಟ್ಟ. ಅವನ ಅಮ್ಮನ ಮುಖ ಅರಳಿತು. ನನಗೆ ಯಾಕೋ ಅನುಮಾನ. ಪಟ್ಟಿಯನ್ನು ತಿರುಗಿಸಿದೆ. ಹಿಂದೆ ಬೇರೆಯೇ ಅಕ್ಷರಗಳಿವೆ. ಅವನು ಮತ್ತೆ ಅದೇ ಮೊದಲಿನ ಪಟ್ಟಿಯನ್ನೇ, ಅದೇ ರಾಗದಲ್ಲಿ ಒಪ್ಪಿಸಿದ.

“ಎಲ್ಲಿ ನೋಡ್ಕೊಂಡು ಓದ್ತಿದ್ದೀಯಪ್ಪಾ?” ಎಂದೆ.

“ನಿಮ್ಮನ್ನ, ಅಜ್ಜಿ.”

“ನನ್ನ ಮುಖದ ಮೇಲೆ ಅಕ್ಷರ ಬರ್ದಿದ್ಯೇನೋ?”

“ಇಲ್ಲ. ಅವಳು ಹೇಳಿದ್ದನ್ನೇ ಹೇಳ್ದೆ. ತಪ್ಪಾದ್ರೆ ನಿಮ್ಮ ಹುಬ್ಬು ಮೇಲೆ ಹೋಗುತ್ತೆ. ಆಗ ಬೇರೆ ಹೇಳ್ಬೇಕು.”

ಸ್ವಾಮೀ, ಈ ಹುಡುಗ ದಡ್ಡನಲ್ಲ. ಇವನಷ್ಟು ಚುರುಕು ನನ್ನ ಅಂಗಡಿಯ ಕೌಂಟರಿನಲ್ಲಿ ಯಾರೂ ಇಲ್ಲ. ಓದು ಎಂದರೆ ಹಾಳೆ ನೋಡುವ ಕೆಲಸವಲ್ಲ, ದೊಡ್ಡವರ ಮುಖ ನೋಡುವ ಕೆಲಸ ಎಂದು ಎರಡು ವರ್ಷದಲ್ಲಿ ಅವನು ಕಲಿತಿದ್ದಾನೆ. ಕಲಿಸಿದವರು ಯಾರು? ಅಕ್ಷರವೇ ಇಲ್ಲದ, ಮೂರು ಕವಲಿನ ಗುರುತುಗಳು ಯಾವ ದಿಕ್ಕಿಗೆ ತಿರುಗಿವೆ ಎಂದು ಬೆರಳಿನಲ್ಲಿ ತೋರಿಸಬೇಕಾದ ಇನ್ನೊಂದು ಪಟ್ಟಿ ಹಾಕಿ ಪರೀಕ್ಷಿಸಿದೆ. ಹದ್ದಿನ ಕಣ್ಣು. ಚೀಟಿಯ ಹಿಂದೆ “ಕಣ್ಣು ಸರಿಯಾಗಿದೆ, ದಯವಿಟ್ಟು ಅಕ್ಷರ ಕಲಿಸಿ” ಎಂದು ಬರೆದು ಕಳಿಸಿದೆ.

ಸಂಜೆ ಮೇಷ್ಟ್ರು ಆ ಚೀಟಿ ಹಿಡಿದುಕೊಂಡೇ ಅಂಗಡಿಗೆ ಬಂದರು. ಜಗಳಕ್ಕೆ ಬಂದರೆಂದು ನಾನೂ ಸೆರಗು ಸಿಕ್ಕಿಸಿಕೊಂಡು ನಿಂತೆ. ಅವರು ಕುರ್ಚಿ ಎಳೆದುಕೊಂಡು ಕುಳಿತರು. “ಅಮ್ಮಾ, ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಬೋರ್ಡ್ ಮೇಲೆ ಒಂದು ಬಿಡಿ ಅಕ್ಷರ ಬರೆದ್ರೆ ಸಾಕು, ಫೋಟೋ ತೆಗ್ದು ಮೇಲಕ್ಕೆ ಕಳಿಸ್ತಾರೆ. ನನಗಿನ್ನೂ ನೌಕರಿ ಕಾಯಂ ಆಗಿಲ್ಲ,” ಎಂದರು. ನಾನು ಸೆರಗು ಬಿಟ್ಟೆ.

ಈಗ ನಿಮ್ಮ ಯೋಜನೆಯ ತಿರುಳಿಗೆ ಬರೋಣ. ಮಗು ಮಾತು ಕಲಿತಂತೆಯೇ ಓದನ್ನೂ ಸಹಜವಾಗಿ ಕಲಿಯುತ್ತದೆ, ಸುತ್ತ ಪುಸ್ತಕಗಳಿದ್ದರೆ ಸಾಕು, ದೊಡ್ಡವರು ಓದಿದ್ದನ್ನು ಎಲ್ಲರೂ ಕೂಡಿ ಹೇಳಲಿ, ಗೊತ್ತಿಲ್ಲದ ಪದ ಬಂದರೆ ಚಿತ್ರ ನೋಡಿ ಊಹಿಸಲಿ ಎಂದು ನಿಮ್ಮ ಕೈಪಿಡಿ ಹೇಳುತ್ತದೆ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಮಾತು ಮನುಷ್ಯನ ಜೊತೆಗೇ ಹುಟ್ಟಿ ಬಂದದ್ದು, ಬರಹ ಆಮೇಲೆ ಯಾರೋ ಕೂತು ಮಾಡಿದ್ದು. ಮಾತಾಡುವವರ ನಡುವೆ ಬಿಟ್ಟರೆ ಮಗು ಮಾತಾಡುತ್ತದೆ. ಪುಸ್ತಕದ ಗೋದಾಮಿನಲ್ಲಿ ಬಿಟ್ಟರೆ ಓದುತ್ತದೆಯೇ? ಹಾಗಿದ್ದರೆ ನಿಮ್ಮ ಉಗ್ರಾಣದ ಇಲಿಗಳು ಇಷ್ಟು ಹೊತ್ತಿಗೆ ಪಂಡಿತರಾಗಬೇಕಿತ್ತು.

ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಲಿಪಿಗಳಲ್ಲಿ, ಒಂದು ರೀತಿ ಕಲಿತ ಮಕ್ಕಳನ್ನು ಇನ್ನೊಂದು ರೀತಿ ಕಲಿತವರ ಪಕ್ಕದಲ್ಲಿಟ್ಟು ತೂಗಿ ನೋಡಿದವರಿದ್ದಾರೆ. ಆ ಬರಹಗಳನ್ನು ತರಿಸಿ ನನಗೆ ಓದಿ ಹೇಳಿದ್ದು ಇದೇ ಟೀಚರು. ಸಾರಾಂಶ ಕಷ್ಟದ್ದೇನಲ್ಲ. ಯಾವ ಗುರುತಿಗೆ ಯಾವ ಸದ್ದು ಎಂಬುದನ್ನು ಕ್ರಮವಾಗಿ, ಬಾಯಿಬಿಟ್ಟು ಕಲಿಸಬೇಕು. ಸದ್ದುಗಳನ್ನು ಕೂಡಿಸಿ ಪದ ಮಾಡುವುದನ್ನು ಅಭ್ಯಾಸ ಮಾಡಿಸಬೇಕು. ಕಲಿತ ಗುರುತುಗಳಿಂದಲೇ ಆದ, ಆದರೆ ಹಿಂದೆ ನೋಡಿರದ ಪದಗಳನ್ನು ಕೊಡಬೇಕು. ಜೊತೆಜೊತೆಗೇ ದೊಡ್ಡ ಕಥೆಗಳನ್ನು ಓದಿ ಹೇಳಿ, ಮಾತಾಡಿಸಿ, ಪದಸಂಪತ್ತು ಬೆಳೆಸಬೇಕು. ಚಿತ್ರ ನೋಡಿ ಊಹಿಸುವುದು ಓದಲು ಬಾರದವರ ಉಪಾಯ. ಅದನ್ನೇ ಪಾಠ ಎಂದು ಕಲಿಸಿದರೆ ಕುಂಟುವವನಿಗೆ ಕುಂಟುವುದನ್ನು ಚೆನ್ನಾಗಿ ಕಲಿಸಿದಂತಾಯಿತು.

ನಿಮ್ಮ ಕಡೆಯ ಮಾತಿನಲ್ಲೂ ಸತ್ಯವಿದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಕಾಲದಲ್ಲಿ ಅಕ್ಷರಮಾಲೆಯನ್ನು ಅರ್ಥವಿಲ್ಲದೆ ತಿದ್ದಿ ತಿದ್ದಿ ಬೆರಳು ಊದಿಸಿಕೊಂಡೆವು. ಕಾಗುಣಿತ ತಪ್ಪಿದರೆ ಬೆನ್ನಿಗೆ ಬೀಳುತ್ತಿತ್ತು. ವರ್ಷ ಪೂರ್ತಿ ಅಕ್ಷರ ಬರೆದು ಒಂದು ಕಥೆಯನ್ನೂ ಓದದೆ ಶಾಲೆ ಬಿಟ್ಟ ಗೆಳತಿಯರು ನನಗಿದ್ದಾರೆ. ಆ ಹಿಂಸೆ ಹೋಗಲಿ ಎಂದು ತಾವು ಹೊರಟದ್ದು ಸರಿಯೇ. ಆದರೆ ನೆಗಡಿ ಬಂತೆಂದು ಮೂಗನ್ನೇ ಕೊಯ್ದರೆ? ಬೆತ್ತ ಬಿಡಿ, ಬೇಸರ ಬಿಡಿ, ಅಕ್ಷರವನ್ನು ಯಾಕೆ ಬಿಟ್ಟಿರಿ? ಆ ಟೀಚರ ಕೋಣೆಯಲ್ಲಿ ಬೆಳಗಿನ ಅರ್ಧ ಗಂಟೆ ಮಾತ್ರ ಅಕ್ಷರದ ಕೆಲಸ, ಅದೂ ಆಟದ ಹಾಗೆ, ಒಬ್ಬರು ತಪ್ಪಿದರೆ ಉಳಿದವರು ತಿದ್ದುವ ಗಲಾಟೆ. ಆಮೇಲೆ ಮಕ್ಕಳು ತಾವೇ ಓದಲಾರದಷ್ಟು ದೊಡ್ಡ ಕಥೆಯನ್ನು ಅವರು ಓದುತ್ತಾರೆ, ಮಧ್ಯೆ ನಿಲ್ಲಿಸಿ ಕೇಳುತ್ತಾರೆ, ಮಕ್ಕಳು ವಾದ ಮಾಡುತ್ತಾರೆ. ನಿಮ್ಮ ವರದಿಯಲ್ಲಿ ಆ ಅರ್ಧ ಗಂಟೆ ಇದೆ, ಕಥೆ ಇಲ್ಲ. ನಿಮ್ಮ ಪರೀಕ್ಷಕರು ಕಥೆಯ ಹೊತ್ತಿಗೆ ಊಟಕ್ಕೆ ಹೋಗಿದ್ದರು.

ಹೌದು, ಪರೀಕ್ಷಕರು. ಅವರು ಬಂದ ದಿನ ಸಮಿತಿಯ ಪರವಾಗಿ ನಾನೂ ಎರಡೂ ಕೋಣೆಗಳಲ್ಲಿ ಹಿಂದೆ ಕುಳಿತಿದ್ದೆ. ಮೊದಲು ಮೇಷ್ಟ್ರ ಕೋಣೆ. ಪಠ್ಯಪುಸ್ತಕದ ಪಾಠ, ಮಕ್ಕಳು ದಿನಾ ಕೂಡಿ ಹೇಳುವ ಅದೇ ಪಾಠ. ಎದ್ದು ನಿಂತವನು ನನ್ನ ಹುಬ್ಬು ಓದಿದ ಹುಡುಗನೇ. ಗಂಟೆ ಹೊಡೆದ ಹಾಗೆ ಓದಿದ. ಪುಟ ತಿರುವುವಾಗ ಅವನ ಪುಸ್ತಕದಲ್ಲಿ ಎರಡು ಹಾಳೆಗಳು ಅಂಟಿಕೊಂಡಿದ್ದವು, ಯಾರೋ ಗೋಂದು ಚೆಲ್ಲಿದ್ದರು. ಎರಡೂ ಒಟ್ಟಿಗೇ ತಿರುಗಿದವು. ಹುಡುಗ ನಿಲ್ಲಲಿಲ್ಲ. ಅಂಟಿಕೊಂಡ ಹಾಳೆಗಳ ಒಳಗಿದ್ದುದನ್ನೆಲ್ಲ ಒಂದಕ್ಷರ ಬಿಡದೆ ಓದಿ, ಆಮೇಲೆ ಎದುರಿಗಿದ್ದ ಪುಟಕ್ಕೆ ಬಂದ! ಕಾಣದ್ದನ್ನೂ ಓದುವ ಇಂಥ ದಿವ್ಯದೃಷ್ಟಿ ಕನ್ನಡಕದ ವ್ಯಾಪಾರದಲ್ಲಿ ನಾನು ಯಾರಲ್ಲೂ ಕಂಡಿಲ್ಲ. ನಿಮ್ಮ ಪರೀಕ್ಷಕರು ಕೈಗಡಿಯಾರ ನೋಡುತ್ತಿದ್ದರು, ಪುಸ್ತಕವನ್ನಲ್ಲ. ಷರಾ ಬರೆದರು: “ಅತ್ಯುತ್ತಮ.”

ಪಕ್ಕದ ಕೋಣೆಯಲ್ಲಿ ಅದೇ ಪಾಠವನ್ನು ಗುಬ್ಬಿ ಓದಿದಳು. ಬೆರಳಿಟ್ಟು, ನಿಂತು, ಹಿಂದೆ ಹೋಗಿ, ತಪ್ಪನ್ನು ತಾನೇ ತಿದ್ದಿಕೊಂಡು. ಒಂದು ಕಡೆ ಪುಸ್ತಕದಲ್ಲೇ ಒಂದು ಪದ ಎರಡು ಸಲ ಅಚ್ಚಾಗಿತ್ತು, ಅವಳು ಎರಡು ಸಲ ಓದಿ, “ಇಲ್ಲಿ ತಪ್ಪಿದೆ, ಸರ್,” ಎಂದಳು. ಪರೀಕ್ಷಕರು, “ವಾದ ಬೇಡ, ಬೇಗ ಓದು,” ಎಂದರು. ಷರಾ: “ತೀರಾ ನಿಧಾನ.” ಅಚ್ಚಿನ ತಪ್ಪನ್ನು ಕಂಡವಳು ಹಿಂದೆ, ಕಾಣದ ಪುಟವನ್ನು ಓದಿದವನು ಮುಂದೆ. ಸ್ವಂತ ಕಾಲಿನಲ್ಲಿ ನಡೆಯುತ್ತಿರುವ ಮಗುವನ್ನು ಕಂಕುಳಲ್ಲಿ ಕೂತ ಮಗುವಿನ ಜೊತೆ ಓಟಕ್ಕೆ ಬಿಟ್ಟರೆ ಯಾರು ಗೆಲ್ಲುತ್ತಾರೆ ಎಂದು ಹೇಳಲು ಕೈಗಡಿಯಾರ ಯಾಕೆ ಬೇಕು?

ಇನ್ನು ಆ ದೂರು. ನನ್ನ ಮಗಳು, ಗುಬ್ಬಿಯ ಅಮ್ಮ, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಮೇಷ್ಟ್ರ ಕೋಣೆಯಲ್ಲಿ ಓದುವ ಪಕ್ಕದ ಮನೆಯ ಮಗು ಪಾಠವನ್ನು ಪಟಪಟ ಹೇಳುವಾಗ ನಮ್ಮದು ಪದ ಪದಕ್ಕೆ ಎಡವುವುದನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಇನ್ನೂ ಕೆಲವು ತಾಯಂದಿರನ್ನು ಸೇರಿಸಿಕೊಂಡು ತಮಗೆ ದೂರು ಕಳಿಸಿದಳು. ನನಗೆ ಗೊತ್ತಾದದ್ದು ಆಮೇಲೆ.

“ನನ್ನನ್ನ ಒಂದ್ಮಾತು ಕೇಳ್ಬಾರ್ದಿತ್ತೇನೇ?” ಎಂದೆ.

“ನಿನ್ನ ಕೇಳಿದ್ರೆ ನೀನು ಭಾಷಣ ಮಾಡ್ತೀಯ. ನನ್ನ ಮಗಳು ಹಿಂದೆ ಬೀಳ್ತಿದ್ದಾಳಮ್ಮಾ. ಪಕ್ಕದ್ಮನೆ ಮಗು ಹೇಗ್ ಓದುತ್ತೆ, ಇವ್ಳು ಹೇಗ್ ಓದ್ತಾಳೆ, ನಿನ್ನ ಕಿವಿಗೆ ಬೀಳಲ್ವಾ?”

“ಲ್ಯಾಬಲ್ಲಿ ರಕ್ತ ಪರೀಕ್ಷೆ ಮಾಡೋಳು ನೀನು. ಸೂಜಿ ಚುಚ್ಚದೆ, ರೋಗೀನ ‘ಹೇಗಿದ್ದೀರಾ’ ಅಂತ ಕೇಳಿ ರಿಪೋರ್ಟು ಬರೀತೀಯಾ?”

“ಅದಕ್ಕೂ ಇದಕ್ಕೂ ಏನ್ ಸಂಬಂಧ?”

“ಆ ಮಗು ಮುಂದೆ ಹೊಸ ಹಾಳೆ ಹಿಡ್ದು ನೋಡಿದ್ದೀಯಾ?”

“ನನ್ನ ಕೂಸಿನ ಚಿಂತೆ ನನಗೆ. ಮಂದಿ ಮಕ್ಕಳಿಗೆ ಪರೀಕ್ಷೆ ಮಾಡ್ತಾ ಕೂರೋಕೆ ನಂಗೆ ಪುರ್ಸೊತ್ತಿಲ್ಲ,” ಎಂದು ಕುಕ್ಕರಿನ ಮುಚ್ಚಳ ಜೋರಾಗಿ ಇಟ್ಟಳು. ಎರಡು ದಿನ ನಮ್ಮಿಬ್ಬರ ನಡುವೆ ಮಾತು ಗುಬ್ಬಿಯ ಮೂಲಕವೇ ನಡೆಯಿತು. ಇಷ್ಟಕ್ಕೂ ಅವಳನ್ನು ದೂಷಿಸಲಾರೆ. ಮಗು ಹಿಂದುಳಿಯುತ್ತಿದೆ ಎಂಬ ಭಯಕ್ಕೆ ಯಾವ ತಾಯಿ ಹೊರತು? ಆದರೆ ತಾಯಿ ಹೆದರಿದಾಗ ಸರಿಯಾದ ಅಳತೆ ಹಿಡಿದು ಧೈರ್ಯ ಹೇಳಬೇಕಾದವರು ತಾವು. ತಾವೂ ಅವಳ ಜೊತೆ ಸೇರಿ ಹೆದರಿಬಿಟ್ಟಿರಿ.

ಕಳೆದ ಬುಧವಾರ ಸಂಜೆ ಶಾಲೆ ಬಿಡುವ ಹೊತ್ತಿಗೆ ನಾನೂ ಮಗಳೂ ಗೇಟಿನ ಬಳಿ ನಿಂತಿದ್ದೆವು. ಜವಾನ ಬಂದು ನೋಟಿಸ್ ಬೋರ್ಡಿಗೆ ನಿಮ್ಮ ಮೊಹರಿನ ಒಂದು ಕಾಗದ ಹಚ್ಚಿ ಹೋದ. ಅದು ಇದೇ ಆದೇಶವೆಂದು ನಮಗೆ ಆಗ ತಿಳಿಯದು. ಮೇಷ್ಟ್ರ ಕೋಣೆಯ ಮಕ್ಕಳು ಮೊದಲು ಓಡಿ ಬಂದರು. ಹಿಂದಿನ ಸಲ ಇಂಥದೇ ಮೊಹರು ಬಿದ್ದ ಕಾಗದ ಬಂದಾಗ ರಜೆ ಸಿಕ್ಕಿತ್ತಂತೆ. ಒಬ್ಬ ಕಾಗದ ನೋಡಿ “ರಜೆ!” ಎಂದ. ಅಷ್ಟೇ, ಅಂಗಳವೆಲ್ಲ “ರಜೆ! ರಜೆ!” ಹೊರಗೆ ನಿಂತ ತಾಯಂದಿರಲ್ಲಿ ಇಬ್ಬರು ನಾಳೆ ಕೆಲಸಕ್ಕೆ ಹೋಗುವುದು ಹೇಗೆಂದು ಫೋನು ಕೂಡ ಮಾಡತೊಡಗಿದರು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು.

ಗುಬ್ಬಿ ಕುಣಿಯಲಿಲ್ಲ. ಬೋರ್ಡಿನ ಮುಂದೆ ನಿಂತು ಬೆರಳು ಎತ್ತಿದಳು. “ಎ...ರ...ಡ...ನೇ. ಎರಡನೇ! ನಮ್ಮ ಕ್ಲಾಸೇ.” ಆಮೇಲೆ ಕೆಳಗಿನ ಸಾಲು. “ವ... ಗಾ... ಅಲ್ಲ ಅಲ್ಲ, ಈ ಗುರುತು ಇದ್ರೆ ಅದನ್ನ ಮೊದ್ಲು ಹೇಳ್ಬೇಕು. ವರ್... ಗಾ... ವ... ಣೆ.” ಎರಡನೇ ಸಲ ಒಟ್ಟಿಗೆ ಹೇಳಿದಳು. ಆಮೇಲೆ ತನ್ನ ಅಮ್ಮನ ಕಡೆ ತಿರುಗಿದಳು.

“ಅಮ್ಮಾ, ವರ್ಗಾವಣೆ ಅಂದ್ರೆ ರಜೆನಾ?”

ನನ್ನ ಮಗಳು ಬೋರ್ಡಿನ ಹತ್ತಿರ ಹೋಗಿ ಪೂರ್ತಿ ಓದಿದಳು. ಮೂರನೇ ಕಾರಣದ ತನಕ ಓದಿದಳು. ಅಂಗಳದ ಗದ್ದಲ ಹಾಗೇ ನಡೆದಿತ್ತು.

“ಅಂದ್ರೆ ಟೀಚರ್ ಬೇರೆ ಕಡೆ ಹೋಗ್ತಾರೆ, ಪುಟ್ಟೀ.”

“ಯಾಕೆ?”

ನನ್ನ ಮಗಳು ಗುಬ್ಬಿಯ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಯಾಕೆಂದು ತಾವೇ ಆ ಮಗುವಿಗೆ ಹೇಳಿ. ಯಾರೂ ಹೇಳಿಕೊಡದ ಕಾಗದ, ಚಿತ್ರವಿಲ್ಲ, ಮುಖ ನೋಡಲು ಮೇಷ್ಟ್ರಿಲ್ಲ, ಪದದ ಅರ್ಥವೂ ಗೊತ್ತಿಲ್ಲ. ಆದರೂ ಅಲ್ಲಿ ಏನು ಬರೆದಿದೆಯೋ ಅದನ್ನೇ ಓದಿದಳು. ಅರ್ಥ ಕೇಳಿದಳು, ಸಿಕ್ಕಿತು. ಓದು ಎಂದರೆ ಇದಲ್ಲದೆ ಇನ್ನೇನು? ಅಂಗಳದಲ್ಲಿ ನಡೆದ ಈ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಕಳಿಸಿದವರೂ ತಾವೇ.

ಮರುದಿನ ನನ್ನ ಮಗಳು ರಜೆ ಹಾಕಿ, ದೂರಿಗೆ ಸಹಿ ಹಾಕಿದ್ದ ಮನೆಗಳನ್ನೆಲ್ಲ ಸುತ್ತಿದಳು. ಇಬ್ಬರನ್ನು ಬಿಟ್ಟು ಉಳಿದವರೆಲ್ಲ ದೂರು ಹಿಂದಕ್ಕೆ ಪಡೆಯುವ ಕಾಗದಕ್ಕೆ ಸಹಿ ಹಾಕಿದರು. ಅದನ್ನು ಹಿಡಿದು ನಿಮ್ಮ ಕಚೇರಿಗೆ ಹೋದೆವು. ತಾವು ಮೀಟಿಂಗಿನಲ್ಲಿದ್ದಿರಿ. ತಮ್ಮ ಸಹಾಯಕರು ಕಾಗದ ತೆಗೆದುಕೊಂಡು, “ಆದೇಶ ಹೊರಟಾಗಿದೆ. ವರ್ಷದ ಕೊನೆಗೆ ಪರಿಶೀಲಿಸ್ತೀವಿ,” ಎಂದರು.

“ಅಲ್ಲೀವರೆಗೆ ಮಕ್ಕಳು?” ಎಂದಳು ಮಗಳು.

“ಮಕ್ಕಳು ಎಲ್ಲಿ ಹೋಗ್ತಾರೆ ಬಿಡಿ ಮೇಡಂ, ಹೇಗೋ ಕಲೀತಾರೆ.”

ಹೇಗೋ! ಈ ಒಂದು ಪದದ ಮೇಲೆ ಇಡೀ ಇಲಾಖೆ ನಿಂತಿದೆಯೇ ಎಂದು ಅನುಮಾನವಾಯಿತು. ಮಕ್ಕಳು ಈಗ ಅರ್ಧ ಹೊಳೆಯಲ್ಲಿದ್ದಾರೆ. ಮೂಲಾಕ್ಷರ ಬಂದಿದೆ, ಕಾಗುಣಿತ ಕೈಗೆ ಹತ್ತುತ್ತಿದೆ, ಒತ್ತಕ್ಷರ ಈಗಷ್ಟೇ ಶುರುವಾಗಿದೆ. ಎದುರಿಗೆ ಸಿಗುವ ಪದಗಳಲ್ಲಿ ಅರ್ಧಕ್ಕೂ ಹೆಚ್ಚು ಇನ್ನೂ ಎಡವಿಸುತ್ತವೆ. ಈಗ ಕೈಬಿಟ್ಟರೆ ಎಡವುವ ಬೇಸರಕ್ಕೆ ಅವರೂ ಊಹೆಯ ಸುಲಭ ದಾರಿ ಹಿಡಿಯುತ್ತಾರೆ. ಮುಂದಿನ ವರ್ಷ ವಿಜ್ಞಾನ, ಲೆಕ್ಕದ ಸಮಸ್ಯೆ ಎಲ್ಲವೂ ಓದಿನ ಮೇಲೇ ನಿಂತಿರುತ್ತವೆ, ಅಲ್ಲಿ ಚಿತ್ರಗಳೂ ಕಡಿಮೆ. ಆಗ ಮಗುವಿಗೆ ಬುದ್ಧಿ ಕಡಿಮೆ ಎಂದು ಇನ್ನೊಂದು ಷರಾ ಬೀಳುತ್ತದೆ.

ಟೀಚರು ನನಗೆ ಈ ಪತ್ರ ಬರೆಯಬೇಡಿ ಎಂದಿದ್ದಾರೆ. ನಿನ್ನೆ ಅಂಗಡಿಗೆ ಬಂದು ಹೇಳಿದ ಮಾತು: “ನೀವು ಪತ್ರ ಬರೆದ್ರೆ ನನ್ನನ್ನ ಇನ್ನೂ ದೂರ ಹಾಕ್ತಾರೆ. ಒತ್ತಕ್ಷರ ಮುಗಿಸೋವರೆಗೆ ಬಿಟ್ಟರೆ ಸಾಕಮ್ಮಾ. ಆಮೇಲೆ ಉಗ್ರಾಣಕ್ಕಾದ್ರೂ ಹೋಗ್ತೀನಿ, ಎಲ್ಲಿಗಾದ್ರೂ ಹೋಗ್ತೀನಿ.” ಇಷ್ಟು ಕೇಳುವವರನ್ನು ತಾವು ಉಗ್ರಾಣಕ್ಕೆ ಅಟ್ಟುತ್ತಿದ್ದೀರಿ.

ಅವರು ಕೇಳಿದ್ದು ಅಷ್ಟೇ. ನನಗೆ ಅಷ್ಟು ಸಾಲದು. ಸೋಮವಾರಕ್ಕೆ ಮೊದಲು ತಾವೇ ಬನ್ನಿ, ಕೈಗಡಿಯಾರದವರನ್ನು ಕಳಿಸಬೇಡಿ. ಬರುವ ದಾರಿಯಲ್ಲಿ, ಎರಡನೇ ತರಗತಿಗೆ ತಕ್ಕ ನಾಲ್ಕು ಸಾಲನ್ನು ತಮ್ಮ ಕೈಯಾರೆ ಬರೆದುಕೊಳ್ಳಿ, ಯಾವ ಪುಸ್ತಕದಲ್ಲೂ ಇರದ್ದು. ಎರಡೂ ಕೋಣೆಗಳಲ್ಲಿ ಅದನ್ನು ಕೊಟ್ಟು ನೋಡಿ, ಓದಿದ್ದರಲ್ಲಿ ಏನಿದೆ ಎಂದೂ ಕೇಳಿ. ನನ್ನ ಮಾತು ಸುಳ್ಳಾದರೆ ಟೀಚರ ಚೀಲವನ್ನು ಉಗ್ರಾಣದ ತನಕ ನಾನೇ ಹೊತ್ತು ತರುತ್ತೇನೆ. ನಿಜವಾದರೆ ಅಲ್ಲೇ ನಿಂತು ಆದೇಶವನ್ನು ರದ್ದು ಮಾಡಿ. ಹಾಗೆಯೇ ಆ ಮೇಷ್ಟ್ರ ಕೈಗೆ ಸೀಮೆಸುಣ್ಣ ಕೊಟ್ಟು, ಬರೆಯಿರಿ, ಯಾರೂ ಫೋಟೋ ತೆಗೆಯುವುದಿಲ್ಲ ಎಂದು ಹೇಳಿ. ಹುಬ್ಬು ಓದಿದ ಆ ಹುಡುಗನೂ ನಮ್ಮ ರಸ್ತೆಯವನೇ, ನನ್ನ ಮೊಮ್ಮಗಳಷ್ಟೇ ಅವನಿಗೂ ಓದು ಬೇಕು. ಟೀಚರು ಇನ್ನೊಂದು ವರ್ಷ ಅಲ್ಲೇ ಇದ್ದರೆ ಅವನಿಗೂ ಹೇಳಿಕೊಡಲು ಸಿದ್ಧರಿದ್ದಾರೆ, ಅವನ ಅಮ್ಮನನ್ನು ನಾನು ಕೇಳಿಯಾಗಿದೆ. ಕಾಯುತ್ತಿರುವುದು ತಮ್ಮ ಒಂದು ಸಹಿಗೆ.

ಇಂತಿ,
ಬರೆಯಬೇಡಿ ಎಂದವರ ಮಾತು ಮೀರಿ ಬರೆದ,
ಇದರಿಂದ ಅವರಿಗೇ ಕೆಡುಕಾದೀತೇ ಎಂದು ಅಳುಕುತ್ತಲೇ ಅಂಚೆಗೆ ಹಾಕುತ್ತಿರುವ
ಎರಡನೇ ತರಗತಿಯ ಒಬ್ಬ ಅಜ್ಜಿ